ಕರ್ಚೀಫಿನ ಪಿನ್ನು

ಆಯಮ್ಮ ತಾವಾಗಿಯೇ ಕೆಲಸ ಬಿಟ್ಟರು ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಮಾತು. ಕಳೆದ ವಾರ ಅಟ್ಟದ ಪೆಟ್ಟಿಗೆಯಲ್ಲಿ ತಂಗಿಯ ಎಲ್‌ಕೆಜಿ ಯೂನಿಫಾರ್ಮ್ ಸಿಕ್ಕಿತು. ಎದೆಯ ಮೇಲೆ ಕರ್ಚೀಫು ಹಾಗೆಯೇ ಇತ್ತು, ಪಿನ್ನು ತುಕ್ಕು ಹಿಡಿದಿತ್ತು. ಅಮ್ಮ ನೋಡಿ, "ಆಯಮ್ಮ ಹಾಕಿದ್ದು ಕಣೇ. ಪಾಪ, ಮಂಡಿ ನೋವು ಅಂತ ಬಿಟ್ಬಿಟ್ರು" ಎಂದಳು.

ನಾನು ಇದನ್ನು ಒಪ್ಪುವುದಿಲ್ಲ.

ಕೊಡಿಗೇಹಳ್ಳಿಯ ನಮ್ಮ ಬೀದಿ ಕೊನೆಯ ನರ್ಸರಿಯಲ್ಲಿ ಅವರು ಆಯಾ. ತಂಗಿಗಿಂತ ಮೊದಲು ನನ್ನ ಮೂಗನ್ನೂ ಒರೆಸಿದವರು. ಬಳೆಗೆ ಪಿನ್ನುಗಳ ಗೊಂಚಲು ಸಿಕ್ಕಿಸಿಕೊಂಡಿರುತ್ತಿದ್ದರು. ಕೈ ಆಡಿಸಿದರೆ ಸಣ್ಣ ಸದ್ದು. ಗೇಟಿನಲ್ಲಿ ಚೀರಾಡುವ ಮಗುವನ್ನು ಸೊಂಟಕ್ಕೇರಿಸಿಕೊಂಡು, "ಅಳು, ಚೆನ್ನಾಗ್ ಅಳು. ನಾಳಿಕ್ಕೂ ಒಸಿ ಮಿಗಿಸ್ಕೋ" ಎನ್ನುತ್ತಿದ್ದರು. ಮಗು ಗೊಂದಲಗೊಂಡು ಸುಮ್ಮನಾಗುತ್ತಿತ್ತು.

ಮಂಡಿ ನೋವು ಇತ್ತು, ಇಲ್ಲವೆನ್ನುವುದಿಲ್ಲ. ನಾನು ಎಲ್‌ಕೆಜಿಯಲ್ಲಿದ್ದಾಗಲೂ ಇತ್ತು. ಅಷ್ಟು ವರ್ಷ ಬಿಡಿಸದ ಕೆಲಸವನ್ನು ಆ ನೋವು ಆ ಒಂದು ಜೂನ್‌ನಲ್ಲೇ ಏಕೆ ಬಿಡಿಸಬೇಕಿತ್ತು?

ಆ ಜೂನ್‌ನಲ್ಲಿ ಆದದ್ದು ಬೇರೆ. ತಂಗಿ ಎಲ್‌ಕೆಜಿ ಮುಗಿಸಿದ್ದಳು. ನರ್ಸರಿಯ ಗೇಟಿಗೆ ಹೊಸ ಬ್ಯಾನರ್ ಬಂತು: ನಮ್ಮಲ್ಲಿ ಆಯಾಗಳೂ ಎಸ್ಸೆಸ್ಸೆಲ್ಸಿ ಪಾಸು. ಆಯಮ್ಮ ಓದಿದ್ದು ಏಳನೇ ತರಗತಿ. ಗಂಡ ತೀರಿಹೋಗಿದ್ದರು. ಮಗಳು ಒಂಬತ್ತನೇ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಅವಳ ಓದು ನಡೆಯುತ್ತಿದ್ದದ್ದು ಆಯಮ್ಮನ ಸಂಬಳದಿಂದ.

ಕೆಲವು ತಿಂಗಳ ನಂತರ ಆಯಮ್ಮ ಬಸ್‌ಸ್ಟಾಪಿನಲ್ಲಿ ಸಿಕ್ಕರು. ಹೆಬ್ಬಾಳದ ಯಾವುದೋ ಆಫೀಸಿಗೆ ಹೌಸ್‌ಕೀಪಿಂಗ್ ಕೆಲಸ ಕೇಳಲು ಹೋಗಿ ಬಂದಿದ್ದರು.

"ಅಲ್ಲೂ ಎಸ್ಸೆಸ್ಸೆಲ್ಸಿ ಆಗಿರ್ಬೇಕಂತೆ ಕಣಮ್ಮ, ನೆಲ ಒರ್ಸಕ್ಕೆ," ಎಂದು ನಕ್ಕರು. "ನೆಲ ಏನಾರ ಪ್ರಶ್ನೆ ಕೇಳ್ತದಾ?" ಆಮೇಲೆ, "ಮಗ್ಳೊಬ್ಳು ಅದನ್ನ ದಾಟ್ಬುಟ್ರೆ ಸಾಕಾಗಿತ್ತು. ಇಂಗೇ ಆದ್ರೆ ಎಂಗೋ..." ಎಂದರು.

ಬಳೆಯಲ್ಲಿ ಪಿನ್ನುಗಳು ಇನ್ನೂ ಇದ್ದವು. ಯಾವ ಮಗುವಿಗೆಂದೋ...

ಮರುದಿನವೇ ನರ್ಸರಿಗೆ ಹೋಗಿ ಹೆಡ್‌ಮಿಸ್ ಜೊತೆ ವಾದಕ್ಕಿಳಿದೆ. ಮೂಗು ಒರೆಸುವುದಕ್ಕೆ ಬೀಜಗಣಿತ ಎಲ್ಲಿ ಬೇಕಾಗುತ್ತದೆ ಎಂದು ಕೇಳಿದೆ.

"ನಿನ್ನ ಡಿಬೇಟ್ ನಿಮ್ ಸ್ಕೂಲಲ್ಲಿ ಇಟ್ಕೊಳಮ್ಮ," ಎಂದರು ಅವರು. "ಇದು ನಾವಾಗೇ ಮಾಡಿದ್ದಲ್ಲ. ಓದಿರೋ ಆಯಾಗಳೇ ಬೇಕಾ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಕೇಳಿದ್ವಿ. ಬಂದಿದ್ದೋರೆಲ್ಲ ಕೈ ಎತ್ತಿದ್ರು."

ಗೇಟಿನ ಆ ಬ್ಯಾನರಿನಡಿಯೇ ಮನೆಗೆ ಮರಳಿದೆ.

ಮುಂದಿನ ವರ್ಷ ನನ್ನ ಪಕ್ಕದ ಜಾಗ ಖಾಲಿಯಾಯಿತು. ಮಗಳು ಟಿ. ದಾಸರಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಹತ್ತನೇ ತರಗತಿ ಆಗದ ಹೆಂಗಸು ಬೇಡ ಎಂದ ಬ್ಯಾನರ್, ಅಂಥವಳನ್ನೇ ಇನ್ನೊಬ್ಬಳನ್ನು ತಯಾರು ಮಾಡಿತು. ಅವರ ಬಾಡಿಗೆ ಮನೆಯಿದ್ದ ಜಾಗದಲ್ಲಿ ಈಗ ಪಿಜಿ ಎದ್ದಿದೆ. ತಾಯಿ ಮಗಳು ಎಲ್ಲಿದ್ದಾರೋ... ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಪಿನ್ನಿನ ಆ ಸದ್ದು ನಮ್ಮ ಬೀದಿಯಲ್ಲಿ ಇನ್ನು ಕೇಳುವುದಿಲ್ಲ ಎಂಬುದಷ್ಟೇ ನನಗೆ ಖಚಿತ.

ಕರ್ಚೀಫು ಬಿಡಿಸಲು ಹೋದೆ, ಪಿನ್ನು ಬಿಚ್ಚಿಕೊಳ್ಳಲಿಲ್ಲ. "ಕೊಡಿಲ್ಲಿ, ಕೊಬ್ಬರಿ ಎಣ್ಣೆ ಹಚ್ತೀನಿ," ಎಂದು ಅಮ್ಮ ಕೈ ಚಾಚಿದಳು. ಆ ಮೀಟಿಂಗಿಗೆ ನಮ್ಮ ಮನೆಯಿಂದ ಹೋಗಿದ್ದದ್ದು ಅವಳು.

"ಅಮ್ಮಾ, ಅವತ್ತು ನೀನೂ ಕೈ ಎತ್ತಿದ್ಯಾ?"