ಗುರಪ್ಪ ಕಾಕಾರ ದಾಡಿ ಸಾಬೂನು

ಸಾಬೂನು ಬಂದ್ ಆಗಿರಲಿಲ್ಲ, ಬಸಲಿಂಗ. ನಾನು ಸುಳ್ಳು ಹೇಳಿದೆ. ನಿಮ್ಮಪ್ಪನ ದಾಡಿ ಸಾಬೂನು ಕೇಳಿಕೊಂಡು ನೀನು ನನ್ನ ಅಂಗಡಿಗೆ ಬಂದ ದಿನ ಅದರ ಎಂಟು ಬಿಲ್ಲೆಗಳು ನನ್ನ ಕಾಲ ಬುಡದ ಡಬ್ಬಿಯಲ್ಲೇ ಇದ್ದವು. "ಕಂಪನಿಯವರು ಮಾಡೂದ ಬಿಟ್ಟಾರ" ಎಂದು ನಿನಗೆ ಹೇಳುವಾಗ ನನ್ನ ಮೊಣಕಾಲು ಆ ಡಬ್ಬಿಗೆ ತಾಗುತ್ತಿತ್ತು.

ನಾಲ್ಕು ವರ್ಷ ಆಯಿತು. ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ನಿನ್ನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ — ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ಒಂದು ಖರೆ ಹೇಳಲು ಕುಳಿತು ಅದಕ್ಕೆ ಇನ್ನೊಂದು ಸುಳ್ಳು ಸೇರಿಸುವುದು ಬೇಡ. ನೀನು ಬೈಕಿನ ಚಾವಿಯನ್ನು ಬೆರಳಿಗೆ ಹಾಕಿ ಗರಗರ ತಿರುಗಿಸುವುದು, ಅಂಗಡಿ ಮುಂದೆ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡುವುದು — ಒಂದೂ ನನಗೆ ಸೇರುವುದಿಲ್ಲ. ಆದರೂ ಬರೆಯಬೇಕಾಗಿದೆ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಇಷ್ಟಕ್ಕೇ ಒಂದು ಮಧ್ಯಾಹ್ನ ಹೋಯಿತು.

ಇದನ್ನು ಓದುವ ಬೇರೆಯವರಿಗೆ ನಾವು ಯಾರೆಂದು ಹೇಳಬೇಕು. ನಾನು ಸಂಗಪ್ಪ, ನನ್ನದು ಬನಹಟ್ಟಿಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಬಸಲಿಂಗ ಮತ್ತು ನಾನು ನಾಲ್ಕನೇ ಇಯತ್ತೆಯವರೆಗೆ ಒಂದೇ ತಟ್ಟಿನ ಮೇಲೆ ಕುಳಿತು ಕಲಿತವರು. ಆಮೇಲೆ ನನ್ನನ್ನು ಸಾಲಿ ಬಿಡಿಸಿ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕಿ ಸುತ್ತಲು ಕೂರಿಸಿದರು. ಅವನು ಕಲಿತ, ಹೈಸ್ಕೂಲಿನ ಆಫೀಸಿನಲ್ಲಿ ಕ್ಲಾರ್ಕ್ ಆದ. ಅವನ ಅಪ್ಪ ಗುರಪ್ಪ ಕಾಕಾ ಸೀರೆ ತಪಾಸಣೆ ಮಾಡುತ್ತಿದ್ದರು. ನೇಕಾರರು ತಂದ ಸೀರೆಯನ್ನು ಬಿಡಿಸಿ, ಬೆರಳಿನ ಹಿಂಭಾಗದಿಂದ ಸವರಿ, ಕಣ್ಣಿಗೆ ಕಾಣದ ಗಂಟನ್ನೂ ಹಿಡಿಯುತ್ತಿದ್ದರು. ರಬಕವಿಯಿಂದಲೂ ಮಂದಿ ಅವರ ಕೈಗೆ ಸೀರೆ ಕೊಟ್ಟು ಕೇಳಲು ಬರುತ್ತಿದ್ದರು.

ನನಗೆ ಓದು ಕೂಡಿಬಂದದ್ದು ಅವರಿಂದ. ದಿನಾ ಮುಂಜಾನೆ ನನ್ನ ಅಂಗಡಿಯ ಬಾಂಕಿನ ಮೇಲೆ ಕುಳಿತು ಪೇಪರು ಬಿಡಿಸಿ, "ಓದಲೇ, ನನಗ ಚಾಳೀಸ ಇಲ್ಲ" ಅನ್ನುತ್ತಿದ್ದರು. ಕನ್ನಡಕ ಅವರ ಕಿಸೆಯಲ್ಲೇ ಇರುತ್ತಿತ್ತು. ನನಗೂ ಗೊತ್ತಿತ್ತು.

ಅವರು ನಿವೃತ್ತರಾದ ವರ್ಷ ಒಂದು ದಿನ ಬಂದು, "ತಮ್ಮಾ, ಈ ಸಲ ಒಂದು ಸಾಬೂನು, ಮುಂದಿನ ಸಲ ಇನ್ನೊಂದು — ಸಾಕಾತು. ಒಂದ ಆರಿಸಿ ಇಟಗೊಂಡಬಿಡ್ತೇನಿ. ಆಮ್ಯಾಲ ಸಾಯೂತನಕಾ ದಾಡಿಗಿ ಅದ" ಅಂದರು.

"ಆತ್ರಿ ಕಾಕಾ, ಹೆಣ್ಣ ನೋಡಿದಂಗ ನೋಡ್ರಿ."

"ಹೆಣ್ಣ ನೋಡಾಕ ನಮ್ಮಪ್ಪ ನನಗ ಒಂದ ತಾಸು ಕೊಟ್ಟಿದ್ದ. ಸಾಬೂನಿಗಿ ಒಂದೊಂದಕ್ಕ ಒಂದೊಂದ ವಾರಾ ಬೇಕು."

ಖರೇನೇ ವಾರಕ್ಕೊಂದರಂತೆ ಒಯ್ದರು. ನಿಂಬೆಯದನ್ನು ಹಚ್ಚಿಕೊಂಡು ಬಂದು, "ಮಾರಿ ಉಪ್ಪಿನಕಾಯಿ ಹಾಕಿದಂಗ ಆತು" ಅಂದರು. ಕೊಳವೆಯ ಕ್ರೀಮು ಕೊಟ್ಟರೆ, "ಇದು ಹಲ್ಲಿಗೋ ಗಲ್ಲಕ್ಕೋ?" ಅಂದರು. ಗಂಧದ್ದಕ್ಕೆ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, "ಈ ವಯಸ್ಸಿನಾಗ ಇನ್ನೊಂದ ಮದವಿಗಿ ಹೊಂಟೀರೇನು?" ಎಂದಳಂತೆ. ಕೊನೆಗೆ ಸಾಂಗ್ಲಿ ಕಡೆಯ ಒಬ್ಬ ಏಜೆಂಟ ತರುತ್ತಿದ್ದ ಹಸಿರು ಕಾಗದದ ಗುಂಡನೆಯ ಸಾಬೂನು. ನೀರಿನಲ್ಲಿ ಲಾವಂಚದ ಬೇರು ಹಾಕಿದಾಗ ಬರುವಂಥ ವಾಸನೆ ಅದಕ್ಕೆ. ಎಂಟನೇ ದಿನ ಬಂದು ಬಾಂಕಿನ ಮೇಲೆ ಕುಳಿತು, ಸೀರೆ ಸವರುವಂತೆ ಗಲ್ಲ ಸವರಿಕೊಂಡು, "ಇದರಾಗ ಗಂಟಿಲ್ಲ. ಇದ ಆತು. ಇನ್ನ ಬ್ಯಾರೆ ತೋರಸಬ್ಯಾಡ" ಅಂದರು.

"ಇದು ಬ್ಯಾರೆ ಯಾರಿಗೂ ಬೇಕಿಲ್ರಿ ಕಾಕಾ. ನಿಮ್ಮ ಸಲುವಾಗಿ ತರಸ್ತೇನಿ. ನೀವು ಇರೂತನಕಾ ಇದು ನನ್ನ ಅಂಗಡ್ಯಾಗ ಇರ್ತೈತಿ."

ಇದು ನಾನು ಕೊಟ್ಟ ಮಾತು. ಯಾರೂ ಕೇಳಿರಲಿಲ್ಲ — ನಾನೇ ಕೊಟ್ಟೆ.

ಇನ್ನು ನಿನ್ನ ವಿಷಯ. ನಾನು ನಲವತ್ತು ದಾಟಿದ ಮೇಲೆ ಹತ್ತನೇ ಪರೀಕ್ಷೆಗೆ ಕಟ್ಟಿದೆ. ಹಾಲ್ ಟಿಕೆಟ್ ಒಯ್ಯಲು ನಿನ್ನ ಆಫೀಸಿಗೆ ಬಂದೆ. ಮಾಸ್ತರರು ಇದ್ದರು, ಹುಡುಗಿಯರು ಸಾಲಾಗಿ ನಿಂತಿದ್ದರು. ಟಿಕೆಟ್ ಯಾರದೆಂದು ನಿನಗೆ ಗೊತ್ತಿತ್ತು, ನನ್ನ ಫೋಟೊ ಅದರ ಮೇಲೇ ಇತ್ತು. ಆದರೂ ನೀನು, "ಮಗಂದು ಒಯ್ಯಾಕ ಬಂದಿ ಏನ್ಲೇ?" ಎಂದು ಕೇಳಿದೆ.

"ನಂದ ಐತಿ" ಅಂದೆ.

"ನಿಂದಾ? ಹಂಗಾದ್ರ ಸಂಗ್ಯಾ, ನಾಳೆ ಬರೂಮುಂದ ದಾಡಿ ತಿಕ್ಕಿ ಮಾಡ್ಕೊಂಡ ಬಾ. ಇಲ್ಲಂದ್ರ ಹುಡುಗೋರು ಸರ್ ಬಂದ್ರು ಅಂತ ಎದ್ದ ನಿಂತಾರು!"

ಎಲ್ಲರೂ ನಕ್ಕರು. ಮರುದಿನ ನಾನು ದಾಡಿ ಮಾಡಿಕೊಂಡೇ ಹೋದೆ, ಆದರೂ ಎರಡು ಬೆಂಚಿನ ಹುಡುಗರು ಎದ್ದು ನಿಂತರು. ಆ ವರ್ಷ ಗಣಿತ ಹೋಯಿತು. ಮುಂದಿನ ಸಲ ಪಾಸಾದೆ. ನಿಮ್ಮಪ್ಪ ಬಂದು ನನ್ನ ಅಂಕಪಟ್ಟಿಯನ್ನು ಎರಡು ಸಲ ಓದಿದರು, ಚಾಳೀಸು ಹಾಕಿಕೊಂಡು. ನೀನು ಮಾತ್ರ ನನಗೆ 'ಸಾಲಿ ಹುಡುಗ' ಎಂದು ಹೆಸರಿಟ್ಟೆ. ಹೆಸರು ನಿಂತುಬಿಟ್ಟಿತು. ಹಾಲು ಹಾಕುವವನೂ ಹಾಗೇ ಕರೆಯತೊಡಗಿದ.

ಇದನ್ನು ನೆಪ ಎಂದು ಹೇಳುತ್ತಿಲ್ಲ. ಯಾವ ಸಿಟ್ಟು ಎಲ್ಲಿಂದ ಬಂತು ಎಂದು ಗೊತ್ತಾಗಲಿ ಅಂತ ಅಷ್ಟೇ. ಸಿಟ್ಟು ನಿನ್ನ ಮೇಲಿತ್ತು. ತೀರಿಸಿಕೊಂಡದ್ದು — ಅದಕ್ಕೇ ಬರುತ್ತೇನೆ.

ಕಾಕಾರಿಗೆ ಲಕ್ವಾ ಹೊಡೆಯಿತು. ಎಡಗಡೆ ಪೂರಾ ಹೋಯಿತು, ಮಾತೂ ಹೋಯಿತು. ಅವರ ದಾಡಿ ನೀನೇ ಮಾಡತೊಡಗಿದೆ, ದಿನ ಬಿಟ್ಟು ದಿನ. ಮೊದಲ ತಿಂಗಳುಗಳಲ್ಲಿ ನೀನು ಕೇಳಿದಾಗೆಲ್ಲ ನಾನು ಸಾಬೂನು ಕೊಟ್ಟೆ. ಮುಖ ನೋಡದೆ ಕೊಟ್ಟೆ, ಆದರೆ ಕೊಟ್ಟೆ. ಆಮೇಲೆ ಒಂದು ಸಂತೆ ದಿನ ಅಂಗಡಿ ತುಂಬ ಮಂದಿ ಇದ್ದಾಗ ನೀನು ಬೈಕಿನಿಂದ ಇಳಿಯದೆಯೇ ಕೂಗಿದೆ: "ಏ ಸಾಲಿ ಹುಡುಗಾ, ಎಪ್ಪನ ಸಾಬೂನು ಕೊಡಲೇ!" ಇಬ್ಬರು ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು.

"ಬಂದ್ ಆಗೇತಿ" ಅಂದೆ. "ಕಂಪನಿಯವರು ಮಾಡೂದ ಬಿಟ್ಟಾರ."

ಬಾಯಿಂದ ತಾನಾಗಿ ಬಂತು ಎಂದು ಬರೆಯಬಹುದಿತ್ತು. ತಾನಾಗಿ ಬರಲಿಲ್ಲ. ನಿನ್ನ ಚಾವಿ ತಿರುಗುವುದನ್ನು ನೋಡುತ್ತ, ಯೋಚನೆ ಮಾಡಿ ಹೇಳಿದೆ.

ನೀನು ಜಮಖಂಡಿಗೆ ಹೋದೆ. ಮುಧೋಳಕ್ಕೆ ಹೋದೆ. ರವಿವಾರ ಒಂದು ದಿನ ಬೀಳಗಿವರೆಗೂ ಹೋಗಿ ಬಂದೆ. ಮೊಬೈಲಿನಲ್ಲೂ ಹುಡುಕಿದೆಯಂತೆ. ಅಷ್ಟು ಸಣ್ಣ ಕಂಪನಿಯ ಸಾಬೂನು ಎಲ್ಲಿಯೂ ಸಿಗಲಿಲ್ಲ. ತಿರುಗಿ ಬಂದು ಏಜೆಂಟನ ನಂಬರ್ ಕೇಳಿದೆ. "ಅವ ಧಂದೇನ ಬಿಟ್ಟಾನ" ಅಂದೆ. ಅವನು ಹಿಂದಿನ ದಿನವಷ್ಟೇ ನನ್ನ ಬಾಂಕಿನ ಮೇಲೆ ಕುಳಿತು ಚಹಾ ಕುಡಿದು ಹೋಗಿದ್ದ. ನೀನು ಬಿಸಿಲಲ್ಲಿ ಮೂರು ತಾಲೂಕು ಅಲೆದದ್ದನ್ನು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಆ ಸಂಜೆ ಹೆಂಡತಿಗೆ ಮಲ್ಲಿಗೆ ಒಯ್ದೆ. ಅವಳು ಯಾಕೆ ಎಂದು ಕೇಳಿದಳು. ಸುಮ್ಮನೆ ಅಂದೆ.

ಇಷ್ಟಕ್ಕೆ ನಿಂತಿದ್ದರೂ — ನಿಲ್ಲಲಿಲ್ಲ.

ನೀನು ಬೇರೆ ಸಾಬೂನು ಹಚ್ಚಿ ನೋಡಿದೆ. ಕಾಕಾ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಮತ್ತೊಂದನ್ನು ತಂದು ಹಚ್ಚಿದೆ, ಅದಕ್ಕೂ ಹಾಗೇ. ಮೂರನೆಯದಕ್ಕೆ ಅವರು ಮುಖ ಕೊಸರಿದಾಗ ಬ್ಲೇಡು ತಾಗಿ ಗಲ್ಲ ಕೊಯ್ದು ರಕ್ತ ಬಂತು. ನೀನು ಅಂಗಡಿಗೆ ಬಂದೆ. ಅವತ್ತು ಮಂದಿ ಇರಲಿಲ್ಲ, ನಿನ್ನ ದನಿಯಲ್ಲಿ ಜೋರೂ ಇರಲಿಲ್ಲ. "ಏನ ಮಾಡಲ್ಯೋ? ಸಾಬೂನ ವಾಸನಿ ಬಂದ ಕೂಡ್ಲೆ ಮಾರಿ ತಿರುವತಾನ" ಅಂದೆ. ನೀನು ನನ್ನ ಸಲಹೆ ಕೇಳಿದ್ದು ಅದೇ ಮೊದಲ ಸಲ. ಡಬ್ಬಿಗೆ ಕೈ ಹಾಕುವುದು ಎಷ್ಟು ಹೊತ್ತಿನ ಕೆಲಸ? ನಾನು ಕೈ ಹಾಕಲಿಲ್ಲ. ಹೀಗೆ ಹೇಳಿದೆ:

"ಸಾಬೂನಿಂದೇನೂ ಇಲ್ಲ ಬಿಡಲೇ. ಮುದುಕಗ ನಿನ್ನ ಕೈ ಹಿಡಸವಲ್ದು."

ನಿನ್ನ ಚಾವಿ ನಿಂತಿತು. "ಹಂಗಂತಿ?" ಅಂದೆ.

"ನನಗಂತೂ ಹಂಗ ಕಾಣತೈತಿ."

ಮೊದಲನೆಯ ಸುಳ್ಳಿನಿಂದ ನಿಮ್ಮಪ್ಪನ ಸಾಬೂನು ಕಸಿದೆ. ಈ ಎರಡನೆಯದರಿಂದ ಏನು ಕಸಿದೆ ಎಂದು ಆಗ ನನಗೆ ಪೂರ್ತಿ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು.

ಅವತ್ತಿನಿಂದ ನೀನು ಅವರ ಮುಖ ಮುಟ್ಟಲಿಲ್ಲ. ಸೀರೆಯಲ್ಲಿ ಒಂದು ಗಂಟು ಸಹಿಸದ ಮನುಷ್ಯ ಬಿಳಿ ಗಡ್ಡ ಬಿಟ್ಟು, ಅದರಲ್ಲಿ ಗಂಜಿ ಒಣಗಿಸಿಕೊಂಡು ಮಲಗಿದರು. ನೋಡಲು ಬಂದವರು ಗುರುತು ಹಿಡಿಯಲು ಎರಡು ಗಳಿಗೆ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಕ್ಷೌರದವನನ್ನು ಕರೆಸಿದಿರಿ. ಅವನು ಬ್ಯಾಟರಿ ಮಷಿನ್ ತಂದು ಗಡ್ಡ ಸಣ್ಣಗೆ ಮಾಡಿ ಹೋದ. ಕಾಕಾ ಸುಮ್ಮನೆ ಕುಳಿತರು. ನೀನು ಬಂದು ಹೇಳಿದೆ: "ನೀ ಅಂದಿದ್ದ ಖರೆ ಐತಿ. ಅವನ ಕೈಗಿ ಮಾರಿ ಕೊಟ್ಟ." ಆ ಮಷಿನ್ನಿಗೆ ಸಾಬೂನೇ ಹಚ್ಚುವುದಿಲ್ಲ, ಹಾಗಾಗಿ ಸುಮ್ಮನೆ ಕುಳಿತರು — ಇಷ್ಟು ಸರಳ ಮಾತು ನಿನ್ನ ತಲೆಗೆ ಹೊಳೆಯಲಿಲ್ಲ. ನನ್ನ ತಲೆಗೆ ಹೊಳೆಯಿತು. ನಾನು ಬೇಳೆ ಹಸನು ಮಾಡುತ್ತ ಕುಳಿತೆ.

ತಿಂಗಳೊಳಗೆ ಅವರು ಹೋದರು. ವಿಭೂತಿ ಹಚ್ಚಿ ಕೂರಿಸಿದ್ದಿರಿ. ಗಲ್ಲದ ಕುರುಚಲಿನಲ್ಲಿ ವಿಭೂತಿ ಸಿಕ್ಕಿ ನಿಂತಿತ್ತು. ಅವರ ದರ್ಶನಕ್ಕೆ ಬರುವಾಗ ನಾನು ಒಂದು ಬಿಲ್ಲೆ ಕಿಸೆಯಲ್ಲಿ ಇಟ್ಟುಕೊಂಡು ಬಂದಿದ್ದೆ. ಯಾಕೆ ತಂದೆನೋ, ನನಗೇ ಗೊತ್ತಿಲ್ಲ. ಹೊರಗೆ ತೆಗೆದರೆ ನನ್ನ ಸುಳ್ಳೂ ಹೊರಗೆ ಬರುತ್ತದೆ ಎಂದು ತೆಗೆಯಲಿಲ್ಲ. ಹಾರ ಹಾಕಿ ಸರಿಯುವಾಗ ನೀನು ನನ್ನ ಕೈ ಹಿಡಿದೆ. "ಸಂಗಪ್ಪಾ, ಆ ಸಾಬೂನಿನ ಸಲುವಾಗಿ ನೀನೂ ಭಾಳ ಹುಡುಕಿದಿ" ಅಂದೆ.

ನಾನು "ಇರಲಿ ಬಿಡು" ಅಂದೆ.

ನಾನು ಹುಡುಕಿದೆ ಎಂದು ನಿನಗೆ ಯಾರು ಹೇಳಿದರೋ. ನಾನು ಅಲ್ಲಗಳೆಯಲಿಲ್ಲ. ನನ್ನ ಮನಸ್ಸಿನಲ್ಲಿ ಬಂದದ್ದು ದುಃಖವೂ ಅಲ್ಲ — 'ಈಗ ನೆನಪಾತೇನಲೇ ನನ್ನ ಹೆಸರು' ಎಂಬ ಸಿಟ್ಟು. ಹೆಣದ ಮುಂದೆ.

ಹೋದ ತಿಂಗಳು ಯಾರೋ ಒಬ್ಬರು ಅಂಗಡಿಯಲ್ಲಿ ನಿಂತು ಹಾಸಿಗೆ ಹಿಡಿದ ತಮ್ಮ ಅಪ್ಪನ ಸೇವೆಯ ಮಾತು ತೆಗೆದರು. ನೀನೂ ಅಲ್ಲಿದ್ದೆ. "ನಮ್ಮಪ್ಪಗ ನನ್ನ ಕೈ ಬ್ಯಾಡಾಗಿತ್ತು" ಅಂದೆ. "ಸಾಯೂತನಕಾ ಮಾರಿ ತಿರುವಿದ. ಏನ ತಪ್ಪ ಮಾಡೇನಿ ಅಂತ ಇನ್ನೂ ಗೊತ್ತಾಗಿಲ್ಲ." ಅಷ್ಟು ಹೇಳಿ ನಿನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡೆ. ನನ್ನ ಮಾತು ನಾಲ್ಕು ವರ್ಷ ನಿನ್ನೊಳಗೆ ಕುಳಿತು ಅನ್ನ ತಿಂದಿದೆ ಎಂದು ಆಗ ಕಂಡಿತು.

ಇದನ್ನು ಛಾಪಿಸಿ ಸೋಮವಾರ ನಿನ್ನ ಆಫೀಸಿಗೆ ತಂದು ಕೈಗೆ ಕೊಡುತ್ತೇನೆ, ಎಲ್ಲರೂ ಇರುವಾಗ. ಓದಿದ ಮೇಲೆ ಬೈಯುವುದು, ಹೊಡೆಯುವುದು ನಿನಗೆ ಬಿಟ್ಟದ್ದು. ನಾನು ನಿಂತಿರುತ್ತೇನೆ. ನನಗೂ ನಿನಗೂ ಇರುವ ಜಗಳ ಇದರಿಂದ ಮುಗಿಯುವುದಿಲ್ಲ, ಮುಗಿಸೆಂದು ಕೇಳುವುದೂ ಇಲ್ಲ. ಆದರೆ ನಾನು ಬಚ್ಚಿಟ್ಟ ಒಂದು ಸಂಗತಿ ಇನ್ನೂ ಉಳಿದಿದೆ. ಅದು ನಿನ್ನದು, ಅದನ್ನು ನಿನಗೆ ಒಪ್ಪಿಸಬೇಕು.

ಲಕ್ವಾ ಹೊಡೆದ ಹೊಸದರಲ್ಲಿ, ನಾನಿನ್ನೂ ಸಾಬೂನು ಕೊಡುತ್ತಿದ್ದಾಗ, ಒಂದು ಮುಂಜಾನೆ ಕಾಕಾರಿಗೆ ಪೇಪರು ಓದಿ ಹೇಳೋಣವೆಂದು ನಿಮ್ಮ ಮನೆಗೆ ಬಂದಿದ್ದೆ. ಕದ ತೆರೆದಿತ್ತು. ಪಡಸಾಲೆಯಲ್ಲಿ ನೀನು ಅವರನ್ನು ಕುರ್ಚಿಯ ಮೇಲೆ ಕೂರಿಸಿ ದಾಡಿ ಮಾಡುತ್ತಿದ್ದೆ. ಲಾವಂಚದ ವಾಸನೆ ಬಾಗಿಲಿನವರೆಗೂ ಬರುತ್ತಿತ್ತು. ಅವರು ಕಣ್ಣು ಮುಚ್ಚಿದ್ದರು. ಬಲಗೈ ನಿನ್ನ ಅಂಗಿಯ ಚುಂಗನ್ನು ಹಿಡಿದಿತ್ತು. ನೀನು ಒಳ್ಳೆಯವನಾಗಿ ಕಾಣುವುದನ್ನು ನನ್ನಿಂದ ನೋಡಲಾಗಲಿಲ್ಲ. ಕರೆಯದೆ ಹಾಗೇ ತಿರುಗಿ ಹೋದೆ. ನಿನ್ನ ಕೈ ಹಿಡಿಸುವುದಿಲ್ಲ ಎಂದು ಹೇಳುವಾಗ ಇದು ನನ್ನ ಕಣ್ಣ ಮುಂದೆ ಇತ್ತು. ಗೊತ್ತಿದ್ದೇ ಹೇಳಿದೆ.

ಅವತ್ತು ನಾನು ತಿರುಗುವ ಮುನ್ನ ನೀನು ಬ್ಲೇಡು ಎತ್ತಿ ಹಿಡಿದು, "ಎಪ್ಪಾ, ಗದ್ದ" ಅಂದೆ. ನೀನು ಮುಟ್ಟುವುದಕ್ಕಿಂತ ಮೊದಲೇ ಅವರು ಗದ್ದ ಎತ್ತಿ ನಿನ್ನ ಕೈಗೆ ಕೊಟ್ಟರು.