ಅರಿಶಿನ ಹಚ್ಚುವಾಗ ನಿಂತ ಬೆರಳು

ಒಂದು ಶುಕ್ರವಾರ ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಮುಖ ತೊಳೆದೆ. ಅರಿಶಿನ ಹೋಗಲಿಲ್ಲ. ಕನ್ನಡಿಯ ಹತ್ತಿರ ಹೋಗಿ ನೋಡಿದರೆ ಕೆನ್ನೆ ತುಂಬ ತೆಳ್ಳನೆಯ ಬಿಳಿ ಕೂದಲು, ಹಸುಗೂಸಿನ ಬೆನ್ನ ಮೇಲಿರುತ್ತಲ್ಲ, ಹಾಗೆ. ಅದರ ತುದಿಗೆಲ್ಲ ಹಳದಿ ಹಿಡಿದಿತ್ತು.

ಮುಟ್ಟು ನಿಂತಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಅರಿಶಿನಕ್ಕೆ ಕಡಲೆಹಿಟ್ಟು ಸೇರಿಸಿ ದಿನಾ ತಿಕ್ಕಿದೆ. ಕೂದಲು ಹಣೆಗೂ ಮೂಗಿಗೂ ಬಂತು. ನಾಲಿಗೆ ಉರಿ. ಊಟ ಸೇರದು. ಸೆರಗನ್ನು ಕೆನ್ನೆ ಮೇಲೆ ಎಳೆದುಕೊಂಡೇ ಓಡಾಡಿದೆ.

ಆಗ ಯಾರ ಮುಖ ಕಂಡರೂ ನನಗೆ ಹೊಟ್ಟೆಕಿಚ್ಚು. ಬಸ್ಸಿನಲ್ಲಿ ಪಕ್ಕ ಕೂತವಳ ಗಲ್ಲ, ಸೊಪ್ಪು ಮಾರುವವಳ ಗಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಓರಗಿತ್ತಿ ವೀಣಾಳದ್ದು. ಅವಳ ಮನೆ ಶಿವಮೊಗ್ಗದ ಗೋಪಾಳದಲ್ಲಿ, ನಮ್ಮದು ಭದ್ರಾವತಿಯ ಕಾಗದನಗರ. ಅವಳು ಸೊಸೆಯಾಗಿ ಬಂದಾಗಿನಿಂದ ಅತ್ತೆ ನನ್ನೆದುರೇ "ಅವಳ ಕೆನ್ನೆ ನೋಡೇ, ಬೆಣ್ಣೆ" ಅನ್ನುತ್ತಾರೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳ ಮನೆಗೆ ಹೋಗಲೇಬೇಕಾಯಿತು. ಅರಿಶಿನ-ಕುಂಕುಮಕ್ಕೆ ಕೂತೆ. ವೀಣಾ ನನ್ನ ಕೆನ್ನೆಗೆ ಅರಿಶಿನ ಸವರಿದಳು.

ಬೆರಳು ನಿಂತುಬಿಟ್ಟಿತು.

"ಅಕ್ಕಾ, ಇದು ಹೋದ್ವರ್ಷ ಇರ್ಲಿಲ್ಲ."

ಅಷ್ಟು ಹೆಂಗಸರ ಮುಂದೆ! "ನಿನ್ನ ಬೆಣ್ಣೆ ಕೆನ್ನೆ ನೀನೇ ಇಟ್ಕೋ ಮಾರಾಯ್ತಿ" ಅಂದು ಎದ್ದು ಬಂದೆ. ತಾಂಬೂಲವನ್ನೂ ತಗೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಅದೇ ತಾಂಬೂಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. "ದೇವಿಯದು, ಬೇಡ ಅನ್ಬೇಡಿ. ಸ್ಕಿನ್ ಡಾಕ್ಟ್ರ ಹತ್ರ ಟೋಕನ್ ತಗೊಂಡಿದೀನಿ. ದಾರಿಯುದ್ದ ಬೈಯ್ರಿ ಅಕ್ಕ, ಆದ್ರೆ ಬನ್ನಿ."

ತಾಂಬೂಲ ತಂದವಳನ್ನು ಬಾಗಿಲಿಂದಲೇ ಕಳಿಸುವುದುಂಟೇ? ಹೋದೆ. ದಾರಿಯುದ್ದ ಸೆರಗು ಎಳೆದುಕೊಂಡು ಕಿಟಕಿ ಕಡೆ ತಿರುಗಿ ಕೂತೆ.

ಡಾಕ್ಟರ್ ಲೆನ್ಸ್ ಹಿಡಿದು ಮುಖ ನೋಡಿದರು, ನಾಲಿಗೆ ನೋಡಿದರು. "ಇದು ಹಾರ್ಮೋನ್ ಕೂದಲಿನ ಥರ ಇಲ್ಲಮ್ಮ. ತುಂಬಾ ಅಪರೂಪಕ್ಕೆ, ಒಳಗೆ ಗಡ್ಡೆ ಇದ್ರೆ ಹೀಗೆ ಬರುತ್ತೆ. ಒಂದ್ಸಲ ಸ್ಕ್ಯಾನ್ ಮಾಡಿಸೋಣ."

ಮುಖಕ್ಕೆ ಬಂದದ್ದಕ್ಕೆ ಹೊಟ್ಟೆಯ ಸ್ಕ್ಯಾನು. ಆಮೇಲೆ ಕೊಲೊನೋಸ್ಕೋಪಿ, ಬಯಾಪ್ಸಿ.

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್.

ಆಪರೇಷನ್ ಆಯಿತು. ಮಲಕ್ಕೆ ಅಂತ ಹೊಟ್ಟೆಗೆ ಬ್ಯಾಗ್ ಹಾಕಬೇಕಾಗಲಿಲ್ಲ, ಅದೊಂದು ದೇವರ ದಯೆ. ಮೊದಲ ಸಲ ಗಾಳಿ ಹೋದ ದಿನ, ಕರುಳು ಕೆಲಸ ಶುರುಮಾಡ್ತು ಅಂತ ನರ್ಸ್ ನಕ್ಕರು, ನಾನು ಕೈಮುಗಿದೆ. ಪಕ್ಕದ ಬೆಡ್‌ನವಳಿಗೆ ಬರೀ ಪಿತ್ತಕೋಶದ ಕಲ್ಲು. ಅವಳನ್ನು ಕಂಡರೂ ಹೊಟ್ಟೆಕಿಚ್ಚು. ವೀಣಾ ಗಂಜಿ ತಂದರೆ, ಅತ್ತೆ ವಾರ್ಡಿನಲ್ಲೂ ಶುರು: "ಇವಳ ಕಣ್ಣು ನೋಡೇ, ಎಷ್ಟು ಚುರುಕು!"

"ಕೆನ್ನೆ ಆಯ್ತು, ಈಗ ಕಣ್ಣಾ?" ಅಂದೆ. ವೀಣಾ ನಕ್ಕಳು. ನಗಿಸಬೇಡವೇ, ಹೊಲಿಗೆ ಎಳೆಯುತ್ತೆ ಅಂತ ನಾನೂ ನಕ್ಕೆ.

ಕೀಮೋ ಮುಗಿಯುವ ಹೊತ್ತಿಗೆ ಮುಖದ ಕೂದಲು ತಾನಾಗಿ ಹೋಯಿತು. "ಸದ್ಯಕ್ಕೆ ಏನೂ ಕಾಣ್ತಿಲ್ಲ, ಚೆಕಪ್ ಮಾತ್ರ ತಪ್ಪಿಸ್ಬೇಡಿ" ಅಂದಿದ್ದಾರೆ ಡಾಕ್ಟರ್. ಸದ್ಯಕ್ಕೆ ಅನ್ನುವ ಆ ಮಾತನ್ನು ದಿನಾ ದೇವರ ಮುಂದಿಟ್ಟು ದೀಪ ಹಚ್ಚುತ್ತೇನೆ.

ಈ ವರ್ಷದ ಹಬ್ಬದಲ್ಲಿ ವೀಣಾ ಅರಿಶಿನ ಸವರುತ್ತಾ, ಕಿವಿಯ ಕೆಳಗಿಂದ ಮೇಲಕ್ಕೆ ಬೆರಳಾಡಿಸಿದಳು.

"ಏನೇ ಹುಡುಕ್ತಿದ್ದೀಯಾ?"

"ನುಣ್ಣಗಿದೆ ಅಕ್ಕ."

ಆಮೇಲೆ ನಾನು ಅವಳಿಗೆ ಹಚ್ಚಿದೆ. ನಾನೂ ಕಿವಿಯ ಕೆಳಗಿಂದ ಮೇಲಕ್ಕೆ ಒಮ್ಮೆ ಬೆರಳಾಡಿಸಿ ನೋಡಿದೆ. ಅದೇ ಬೆಣ್ಣೆ ಕೆನ್ನೆ. ಹೊಟ್ಟೆ ಉರಿಯಿತು.

ಹೀಗೇ ಉರಿಯುತ್ತಿರಲಿ ತಾಯಿ, ಅಂದುಕೊಂಡೆ.