ಕುರಿ ಕಡೆ ಮುಖ ಮಾಡಿ ಮಲಗಿದವಳು

ನಮ್ಮ ಗೆಸ್ಟ್‌ಹೌಸಿನ ಮೇಲಿನ ಪಡಸಾಲೆಗೆ ಆ ಚಿತ್ರ ತರಿಸಿದವನು ನಾನೇ. ಹೆಸರು ಮಾರುತೇಶ, ಊರು ಪರಶುರಾಂಪುರ. ದೊಡ್ಡಉಳ್ಳಾರ್ತಿ ಪಕ್ಕ, ಹಿಂದೆ ದನ ಕುರಿ ಮೇಯುತ್ತಿದ್ದ ಕಾವಲಿನಲ್ಲಿ ಎದ್ದಿರುವ ಸಂಶೋಧನಾ ಕ್ಯಾಂಪಸ್ಸುಗಳಲ್ಲಿ ಒಂದರ ಗೆಸ್ಟ್‌ಹೌಸಿಗೆ ಮ್ಯಾನೇಜರು. ಗೋಡೆ ಬೋಳಾಗಿದೆ, ಏನಾದರೂ ನೇತುಹಾಕಿ ಎಂದರು ಸಾಹೇಬರು. ಮೊಬೈಲಿನಲ್ಲಿ ಹುಡುಕಿದೆ. ‘ಮಾಡರ್ನ್ ಆರ್ಟ್ ಪ್ರಿಂಟ್, ಫ್ರೇಮ್ ಸಮೇತ’ ಎಂದಿತ್ತು, ಅಳತೆ ಗೋಡೆಗೆ ಹೊಂದುತ್ತಿತ್ತು, ತರಿಸಿಬಿಟ್ಟೆ. ಬಂದ ಮೇಲೆ ಬಿಚ್ಚಿ ನೋಡಿದರೆ ಕೆಮ್ಮಣ್ಣಿನ ಬಣ್ಣದಲ್ಲಿ ಮನುಷ್ಯರಂಥ ಒಂದು ಆಕಾರ, ಒಂದು ಪಕ್ಕ ಒಣಹುಲ್ಲಿನ ಹಳದಿ, ಎಲ್ಲೂ ಕಣ್ಣಿಲ್ಲ, ಮೂಗಿಲ್ಲ. ತಲೆ ಯಾವುದು ಕಾಲು ಯಾವುದು ತಿಳಿಯದೆ ತಲೆಕೆಳಗು ಹಾಕಿಸಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನೀವು ಅಂದರೂ ನನಗೆ ಬೇಸರವಿಲ್ಲ.

ಅದನ್ನು ಸರಿಮಾಡಿಸಿದವಳು ಹೊನ್ನಕ್ಕ, ನಮ್ಮಲ್ಲಿ ಕಸ ಗುಡಿಸಿ ನೆಲ ಒರೆಸುವವಳು.

“ಈಯಮ್ಮನ್ನ ತಲೆಕೆಳಗು ಮಾಡೀರಲ್ಲ ಸಾಮಿ,” ಎಂದಳು. “ಇವಳು ಕುರಿ ಕಾಯೋಳು.”

“ಚಿತ್ರದಾಗೆ ಕುರಿ ಎಲ್ಲೈತೆ ಹೊನ್ನಕ್ಕ?”

“ಮುಂದ್ಗಡೆ ಅವೆ. ಬರೆದೋನು ಬಿಟ್ಟವ್ನೆ ಅಷ್ಟೆ. ನೋಡ್ರಿ, ಎಡಗೈ ತಲೆದಿಂಬು, ಕಿವಿ ನೆಲಕ್ಕೆ, ಒಂದು ಮಂಡಿ ಮೇಲೆ. ನಿದ್ದೆ ಮಾಡೋರು ಹಿಂಗೆ ಮಲಗ್ತಾರಾ? ಇದು ತಟ್ಟನೆ ಏಳೋ ಮಲಗು.”

ನಾನು ನಕ್ಕೆ. ಆದರೆ ಚಿತ್ರ ತಿರುಗಿಸಿ ಹಾಕಿಸಿದೆ, ಮತ್ತೆ ನೋಡಿದೆ. ಹೌದು, ಹೆಂಗಸು.

ಹೊನ್ನಕ್ಕ ಈ ಕಾವಲಿನಲ್ಲೇ ಬೆಳೆದವಳು. ನಡೆಯುವುದು ಬಂದ ಮೇಲೆ ಅವ್ವನ ಹಿಂದೆ, ಮದುವೆಯಾದ ಮೇಲೆ ಗಂಡ ದೊಡ್ಡಪಾಲಯ್ಯನ ಜೊತೆ ಕುರಿ ಹೊಡೆದುಕೊಂಡು ಬಂದವಳು. ಬಿಸಿಲೇರಿದರೆ ಕುರಿ ಮೇಯುವುದಿಲ್ಲ, ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿಕೊಂಡು ನಿಂತುಬಿಡುತ್ತವೆ. ಆಗ ತುಗ್ಗಲಿ ಮರದ ಕೆಳಗೆ ಇವಳು ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದಳಂತೆ. ತೋಳ ಬಂದರೆ ಕುರಿಗಳ ಕಾಲಿನ ಸದ್ದು ಬದಲಾಗುತ್ತದೆ, ಅದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ ಎನ್ನುತ್ತಿದ್ದಳು. ಕಾವಲಿಗೆ ಕ್ಯಾಂಪಸ್ಸಿನ ಬೇಲಿ ಬಂತು, ಮೇಯಿಸಲು ಜಾಗವಿಲ್ಲದೆ ಕುರಿ ಮಾರಿದರು, ಎರಡು ವರ್ಷಕ್ಕೆ ದೊಡ್ಡಪಾಲಯ್ಯನೂ ತೀರಿಹೋದ. ಹೊನ್ನಕ್ಕ ಸಮವಸ್ತ್ರದ ನೀಲಿ ಸೀರೆ ಉಟ್ಟು, ಕೊರಳಿಗೆ ಪಾಸು ಹಾಕಿಕೊಂಡು ಬೇಲಿಯ ಒಳಕ್ಕೆ ಬಂದಳು.

ಮರ ಇನ್ನೂ ಇದೆ, ಗೆಸ್ಟ್‌ಹೌಸಿನ ಹಿಂದೆ. ಅದರ ಸುತ್ತ ತಂತಿ, ‘ಪ್ರವೇಶವಿಲ್ಲ’ ಎಂಬ ಹಲಗೆ. ಚಿತ್ರದ ಧೂಳು ಒರೆಸುವಾಗಲೆಲ್ಲ ಅವಳು ಕಿಟಕಿಯಿಂದ ಆ ಕಡೆ ನೋಡುವಳು. ಒಂದು ದಿನ ಕೇಳಿಯೇಬಿಟ್ಟಳು.

“ಸಾಮಿ, ಊಟದ ಹೊತ್ನಾಗೆ ಆ ಮರದ ಕೆಳಗೆ ಒಂದ್ಗಳಿಗೆ ಮಲಗಿ ಬರ್ತೀನಿ. ಭಾಳ ಆಸೆ ಆಗೈತೆ.”

“ಕ್ಯಾಮೆರಾ ಐತೆ ಹೊನ್ನಕ್ಕ. ಅಲ್ಲಿಗೆ ಯಾರೂ ಹೋಗಂಗಿಲ್ಲ, ರೂಲ್ಸು.”

ಅವಳು ಮತ್ತೆ ಕೇಳಲಿಲ್ಲ. ಬೈಸಿಕೊಳ್ಳುವ ಭಯ ನನ್ನದು. ಅದಕ್ಕೆ ನಿಯಮ ಎಂದು ಹೆಸರಿಟ್ಟೆ.

ಈ ಯುಗಾದಿಗೆ ಆಧಾರಿನ ಪ್ರಕಾರ ಅವಳಿಗೆ ಅರವತ್ತು ತುಂಬಿತು. ನಿಜವಾದ ವಯಸ್ಸು ಅವಳಿಗೂ ಗೊತ್ತಿಲ್ಲ. ಅವಳನ್ನು ಕೆಲಸಕ್ಕೆ ಇಟ್ಟಿದ್ದ ಗುತ್ತಿಗೆ ಏಜೆನ್ಸಿಯವರು ವಯಸ್ಸಾಯಿತು, ತಿಂಗಳ ಕೊನೆಗೆ ಪಾಸು ಹಿಂದಿರುಗಿಸು ಎಂದರು. ಪಾಸಿಲ್ಲದೆ ಗೇಟು ದಾಟುವಂತಿಲ್ಲ. ಇನ್ನು ಈ ನೆಲಕ್ಕೆ ಕಾಲಿಡುವುದು ಅವಳ ಕೈಯಲ್ಲಿರಲಿಲ್ಲ.

ನಾನು ದೊಡ್ಡ ಮನಸ್ಸು ಮಾಡಿದೆ. ಸಾಹೇಬರನ್ನು ಕೇಳಿ ಆ ಚಿತ್ರವನ್ನೇ ಬೀಳ್ಕೊಡುಗೆಗೆ ಕೊಡುವುದೆಂದು ಮಾಡಿದೆವು. ಗೋಡೆಗೆ ಇನ್ನೊಂದು ಪ್ರಿಂಟು ತರಿಸಿದರಾಯಿತು. ಅವಳ ಕೊನೆಯ ದಿನ ಹಾರ ಹಾಕಿದೆವು, ಖಾರ ಮಂಡಕ್ಕಿ ಹಂಚಿದೆವು, ಚಿತ್ರ ಕೊಟ್ಟೆವು, ಎಲ್ಲರೂ ಚಪ್ಪಾಳೆ ತಟ್ಟಿದರು. ಹೊನ್ನಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನನ್ನ ಮೇಜಿನ ಮೇಲೆ ಮೆತ್ತಗೆ ಇಟ್ಟಳು.

“ಇದ್ರಾಗೆ ಇವಳು ಮಲಗವಳೆ ಸಾಮಿ,” ಎಂದಳು. “ನಾನೆಲ್ಲಿ ಮಲಗ್ಲಿ?”

ಅವಳು ಕೇಳಿದ್ದೇನು, ನಾನು ಕೊಟ್ಟದ್ದೇನು!

“ಬರ್ರಿ ಹೊನ್ನಕ್ಕ,” ಎಂದೆ. ಕ್ಯಾಮೆರಾ ಇದ್ದರೆ ಇರಲಿ. ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಿ ತಂತಿಯನ್ನು ಕಾಲಲ್ಲಿ ಒತ್ತಿ ಹಿಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಾಟಿದಳು.

ಮರ ಮುಟ್ಟಿದಳು. ಚಪ್ಪಲಿ ಬಿಟ್ಟಳು. ಎಡಗೈ ತಲೆಯ ಕೆಳಗಿಟ್ಟು, ಮಂಡಿ ಎತ್ತಿ, ನೆಲಕ್ಕೆ ಕಿವಿ ಕೊಟ್ಟು ಮಲಗಿದಳು. ನಾನು ಆ ಕಡೆ ತಿರುಗಿ ನಿಂತೆ. ಎಷ್ಟು ಹೊತ್ತಾದರೂ ಮಲಗಲಿ, ಇವತ್ತು ಯಾರು ಬಂದು ಕೇಳುತ್ತಾರೋ ನೋಡೇಬಿಡುತ್ತೇನೆ ಎಂದುಕೊಂಡೆ. ಹುಲ್ಲು ಬಿಸಿಲಿಗೆ ಚಿಟಚಿಟ ಎನ್ನುತ್ತಿತ್ತು. ಐದು ನಿಮಿಷವೂ ಆಗಿರಲಿಲ್ಲ, ಹಿಂದೆ ಸೀರೆ ಸರಿದ ಸದ್ದಾಯಿತು. ಹೊನ್ನಕ್ಕ ಎದ್ದು ಕೂತಿದ್ದಳು.

“ಯಾಕೆ ಹೊನ್ನಕ್ಕ? ಯಾರೂ ಬರಲ್ಲ, ಮಲಕ್ಕಳ್ರಿ.”

“ಎಷ್ಟು ಕಿವಿ ಕೊಟ್ರೂ ಏನೂ ಕೇಳಕಿಲ್ಲ ಸಾಮಿ,” ಎಂದಳು. “ಕುರಿ ಇಲ್ದಲೆ ಮಲಗಿದ್ರೆ ಹೆಣ ಮಲಗಿದಂಗೆ ಆಗ್ತೈತೆ.”

ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡಳು, ಕೊರಳಿನ ಪಾಸು ತೆಗೆದು ನನ್ನ ಕೈಗಿಟ್ಟಳು, ಗೇಟಿನ ಕಡೆ ನಡೆದಳು.